ಹಳಿಯಾಳ ರಸ್ತೆಯ ನರ್ಸರಿ ಮತ್ತು ಅದರ ಹಿಂದಿನ ಚೈತ್ರದ ತೋಟ

ಹೂಗಿಡವನ್ನು ಕೊಳ್ಳುವ ಮೊದಲು ಅದು ನೆಲದಲ್ಲಿ ಬೆಳೆದು ನಿಂತಾಗ ಹೇಗಿರುತ್ತದೆ ಎಂಬುದನ್ನು ಕಣ್ಣಾರೆ ನೋಡುವ ಅವಕಾಶ ಸಾಮಾನ್ಯವಾಗಿ ನಮಗೆ ಸಿಗುವುದಿಲ್ಲ. ರಸ್ತೆಯ ಬದಿಯಲ್ಲಿ ಸಾಲಾಗಿ ಇಟ್ಟ ಕುಂಡಗಳಲ್ಲಿ ಆ ದಿನ ಯಾವುದು ಅರಳಿದೆಯೋ ಅದನ್ನೇ ಜನ ಮೆಚ್ಚಿ ತರುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಹೂವು ಮುಗಿದು, ಎಲೆ ಹಳದಿಯಾಗಿ, ಕುಂಡ ಮಹಡಿಯ ಮೂಲೆ ಸೇರುತ್ತದೆ. ಧಾರವಾಡದಿಂದ ಹಳಿಯಾಳದ ಕಡೆಗೆ ಹೋಗುವ ರಸ್ತೆಯಲ್ಲಿ, ಊರಿನ ಗದ್ದಲ ಮುಗಿದು ಮಾವಿನ ತೋಟಗಳು ಕಾಣತೊಡಗುವ ಕಡೆ, ಒಂದು ಕುಟುಂಬ ನಡೆಸುತ್ತಿರುವ ನರ್ಸರಿಯಿದೆ. ಇಲ್ಲಿ ಮಾರುವ ಗಿಡಗಳಲ್ಲಿ ಬಹುಪಾಲನ್ನು ಅಂಗಡಿಯ ಹಿಂದಿನ ಸುಮಾರು ಒಂದು ಎಕರೆ ಜಾಗದಲ್ಲಿ ನೆಲದಲ್ಲಿಯೇ ಹಚ್ಚಿ ಬೆಳೆಸಿದ್ದಾರೆ, ಮತ್ತು ಆ ತೋಟದಲ್ಲಿ ಯಾರು ಬೇಕಾದರೂ ಅಡ್ಡಾಡಬಹುದು. ಗಿಡ ಕೊಳ್ಳಲೇಬೇಕೆಂಬ ಒತ್ತಾಯವಿಲ್ಲ, ಪ್ರವೇಶಕ್ಕೆ ಹಣವಿಲ್ಲ. ಹೋಳಿ ಹುಣ್ಣಿಮೆಯಿಂದ ಬಸವ ಜಯಂತಿಯವರೆಗಿನ ದಿನಗಳಲ್ಲಿ ಈ ತೋಟ ಕೊಡುವ ಸಂತೋಷಕ್ಕಾಗಿಯೇ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಗಿಡಗಳ ಗುಣಮಟ್ಟ, ಬೆಲೆ, ಸೇವೆ ಇವುಗಳ ಬಗ್ಗೆಯೂ ಹೇಳುತ್ತೇನೆ. ಆದರೆ ಇದರ ಹೆಚ್ಚುಗಾರಿಕೆ ಹಿಂದಿನ ತೋಟದಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮುಂಭಾಗದಲ್ಲಿ ಹಸಿರು ನೆರಳು ಪರದೆಯ ಕೆಳಗೆ ಪಾಲಿಥಿನ್ ಚೀಲಗಳಲ್ಲಿ ಸಸಿಗಳಿವೆ. ಅದನ್ನು ದಾಟಿದರೆ ಶಹಾಬಾದ್ ಪರಸಿ ಹಾಸಿದ ಕಿರಿದಾದ ಕಾಲುದಾರಿ ತೋಟದೊಳಗೆ ಹೋಗುತ್ತದೆ. ಧಾರವಾಡದ ಪಶ್ಚಿಮ ಭಾಗದ ಕೆಂಪು ಮಣ್ಣು ನೀರನ್ನು ಬೇಗ ಬಸಿದು ಬಿಡುತ್ತದೆಯಾದ್ದರಿಂದ ಹೂಗಿಡಗಳಿಗೆ ಅನುಕೂಲವಾಗಿದೆ. ಇದೇ ಗಿಡಗಳನ್ನು ಹುಬ್ಬಳ್ಳಿ, ನವಲಗುಂದದ ಕಡೆಯ ಎರೆಮಣ್ಣಿಗೆ ಒಯ್ಯುವವರಿಗೆ ಯಜಮಾನರು ಬೇರೆಯದೇ ಸೂಚನೆಗಳನ್ನು ಕೊಡುವುದನ್ನು ಕೇಳಿದ್ದೇನೆ. ಬೇಲಿಯುದ್ದಕ್ಕೂ ಗ್ಲಿರಿಸಿಡಿಯಾ ಗಿಡಗಳಿವೆ. ಮಾಗಿ ಮುಗಿಯುವ ಹೊತ್ತಿಗೆ ಅವು ಎಲೆ ಕಳಚಿ, ಬರಿಯ ಕೊಂಬೆಗಳ ತುಂಬ ತಿಳಿ ಗುಲಾಬಿ ಹೂವುಗಳನ್ನು ಹೊತ್ತು ನಿಲ್ಲುತ್ತವೆ. ಹೂವು ಮುಗಿದು ಬಂದ ಸೊಪ್ಪನ್ನು ಕತ್ತರಿಸಿ ಅದೇ ತೋಟದ ಪಾತಿಗಳಿಗೆ ಹಸಿರೆಲೆ ಗೊಬ್ಬರವಾಗಿ ಹಾಕುತ್ತಾರೆ. ದೊಡ್ಡ ಕಪ್ಪು ದುಂಬಿಗಳು ಈ ಬೇಲಿಯನ್ನು ಬಿಟ್ಟು ಕದಲುವುದಿಲ್ಲ. ಒಂದೊಂದು ದುಂಬಿಯೂ ಹೂವಿನ ಕೆಳದಳದ ಮೇಲೆ ಕುಳಿತಾಗ ಅದರ ಭಾರಕ್ಕೆ ದಳ ಬಾಗುತ್ತದೆ, ಒಳಗಿನ ಕೇಸರ ಮೇಲೆದ್ದು ದುಂಬಿಯ ಮೈಗೆ ಪರಾಗವನ್ನು ಒರೆಸುತ್ತದೆ, ದುಂಬಿ ಹಾರಿಹೋದೊಡನೆ ದಳ ಮತ್ತೆ ತನ್ನ ಜಾಗಕ್ಕೆ ಮರಳುತ್ತದೆ. ನಿಂತು ನೋಡುವ ವ್ಯವಧಾನವಿದ್ದವರಿಗೆ ಈ ಬೇಲಿಯೊಂದರಲ್ಲಿಯೇ ಅರ್ಧ ಗಂಟೆ ಕಳೆದುಹೋಗುತ್ತದೆ.

ತೋಟದ ನಡುವೆ, ಬಾವಿಯ ಪಕ್ಕದ ತಂಪಿನಲ್ಲಿ, ಒಂದು ಸೀತಾ ಅಶೋಕವಿದೆ. ನಮ್ಮ ಊರಿನ ಎಷ್ಟೋ ಕಂಪೌಂಡುಗಳ ಅಂಚಿನಲ್ಲಿ ಕಂಬದ ಹಾಗೆ ನೆಟ್ಟಗೆ ಬೆಳೆಯುವ, ಎಲೆಗಳು ಕೆಳಮುಖವಾಗಿ ಜೋತುಬಿದ್ದ ಮರವನ್ನು ಜನ ಅಶೋಕವೆಂದು ಕರೆಯುತ್ತಾರೆ. ಅದು ಬೇರೆಯೇ ಜಾತಿಯ ಮರ. ಅದರ ಹಸಿರು ಹೂವುಗಳು ಎಲೆಗಳ ನಡುವೆ ಕಣ್ಣಿಗೇ ಬೀಳುವುದಿಲ್ಲ. ಕಾವ್ಯಗಳು ಹಾಡಿದ ಅಶೋಕ ಈ ನರ್ಸರಿಯಲ್ಲಿರುವುದು. ಇದರ ಎಳೆಯ ಎಲೆಗಳು ತಾಮ್ರದ ಬಣ್ಣದಲ್ಲಿ, ಇನ್ನೂ ಸೆಟೆದು ನಿಲ್ಲುವ ಶಕ್ತಿ ಬರದ ಕಾರಣ, ಗೊಂಚಲು ಗೊಂಚಲಾಗಿ ಕೊಂಬೆಯ ತುದಿಯಿಂದ ಇಳಿಬಿದ್ದಿರುತ್ತವೆ. ಹೂಗೊಂಚಲುಗಳು ಎಳೆಯ ಟೊಂಗೆಗಳಲ್ಲಷ್ಟೇ ಅಲ್ಲದೆ ಹಳೆಯ ದಪ್ಪ ಕೊಂಬೆಗಳ ತೊಗಟೆಯಿಂದಲೂ ನೇರವಾಗಿ ಹೊರಡುತ್ತವೆ. ಹತ್ತಿರ ಹೋಗಿ ನೋಡಿದರೆ ಇದಕ್ಕೆ ದಳಗಳೇ ಇಲ್ಲವೆಂಬುದು ಗೊತ್ತಾಗುತ್ತದೆ. ದಳದಂತೆ ಕಾಣುವುದು ಬಣ್ಣ ತಳೆದ ಪುಷ್ಪಪಾತ್ರೆಯ ನಾಲ್ಕು ಎಸಳುಗಳು. ಅವುಗಳ ನಡುವಿನಿಂದ ಕೂದಲೆಳೆಯಂಥ ಉದ್ದನೆಯ ಕೇಸರಗಳು ಹೊರಚಾಚಿರುತ್ತವೆ. ಅರಳುವಾಗ ಹಳದಿ, ಮರುದಿನ ಕಿತ್ತಳೆ, ಹಳೆಯದಾಗುತ್ತ ಕೆಂಪು. ಹೀಗೆ ಒಂದೇ ಗೊಂಚಲಿನಲ್ಲಿ ಮೂರೂ ಬಣ್ಣಗಳು ಇರುತ್ತವೆ. ಯಾವ ಹೂವು ಇಂದಿನದು, ಯಾವುದು ಮೊನ್ನೆಯದು ಎಂಬುದನ್ನು ಬಣ್ಣ ನೋಡಿಯೇ ಹೇಳಬಹುದು.

ಹೆಣ್ಣಿನ ಪಾದ ತಾಗಿದರೆ ಅಶೋಕ ಅರಳುತ್ತದೆ ಎಂಬುದು ನಮ್ಮ ಕವಿಗಳ ಹಳೆಯ ಕವಿಸಮಯ. ಬಕುಳಕ್ಕೂ ಇಂಥದೇ ಒಂದು ನಂಬಿಕೆಯನ್ನು ಕವಿಗಳು ಕಟ್ಟಿಕೊಟ್ಟಿದ್ದಾರೆ. ಮಹಾಕಾವ್ಯವೆಂದರೆ ಹದಿನೆಂಟು ವರ್ಣನೆಗಳು ಇರಬೇಕೆಂದು ಲಾಕ್ಷಣಿಕರು ಹೇಳಿದಾಗ ಅವುಗಳಲ್ಲಿ ಋತುವಿಗೂ ಉದ್ಯಾನಕ್ಕೂ ಬೇರೆ ಬೇರೆಯಾಗಿ ಸ್ಥಾನ ಸಿಕ್ಕಿತು. ಓದುವಾಗ ಇವೆಲ್ಲ ನಿಯಮಕ್ಕಾಗಿ ಬರೆದ ಪದ್ಯಗಳೆಂದು ಅನ್ನಿಸುವುದುಂಟು. ಈ ತೋಟದಲ್ಲಿ ಅಡ್ಡಾಡಿದ ಮೇಲೆ ಹಾಗೆ ಅನ್ನಿಸುವುದಿಲ್ಲ. ಮನ್ಮಥನ ಐದು ಬಾಣಗಳಾದ ತಾವರೆ, ಅಶೋಕ, ಮಾವು, ಮಲ್ಲಿಗೆ, ಕನ್ನೈದಿಲೆ ಐದೂ ಇಲ್ಲಿ ಒಂದೇ ಕಣ್ಣಳತೆಯಲ್ಲಿವೆ: ಅಶೋಕದ ಬಲಕ್ಕೆ ಮಲ್ಲಿಗೆಯ ಪಾತಿ, ಎಡಕ್ಕೆ ಸಿಮೆಂಟಿನ ತೊಟ್ಟಿಗಳಲ್ಲಿ ತಾವರೆ ಮತ್ತು ಕನ್ನೈದಿಲೆ, ಹಿಂದೆ ಆಪೂಸ್ ಮಾವಿನ ಎರಡು ಮರಗಳು. ಯಜಮಾನರು ಇದನ್ನು ಯೋಚಿಸಿ ಮಾಡಿದ್ದಲ್ಲ; ನೀರಿನ ಅನುಕೂಲ ಎಲ್ಲಿತ್ತೋ ಅಲ್ಲಿ ಹಚ್ಚಿದ್ದಾರೆ. ಐದೂ ಒಂದೇ ವಾರದಲ್ಲಿ ಅರಳುವುದಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಧಾರವಾಡದಲ್ಲಿ ಯುಗಾದಿಯ ಹೊತ್ತಿಗೆ ಮಾವಿನ ಹೂವು ಬಹುಮಟ್ಟಿಗೆ ಉದುರಿ ಮಿಡಿ ಕಚ್ಚಿರುತ್ತದೆ, ತಾವರೆ ಆಗಷ್ಟೇ ಹೊಸ ಎಲೆಗಳನ್ನು ಬಿಡುತ್ತಿರುತ್ತದೆ. ಆದರೂ ಚಿಗುರು ತಿಂದ ಕೋಗಿಲೆ ಆ ಮಾವಿನ ಮರದಲ್ಲಿ ಕುಳಿತು ಸ್ವರವನ್ನು ಏರಿಸುತ್ತ ಹೋಗುವಾಗ, ಅಶೋಕದ ಕೆಳಗೆ ನಿಂತವರಿಗೆ ಹಳೆಗನ್ನಡದ ವಸಂತ ವರ್ಣನೆ ಓದಿದ್ದು ಇದೇ ಎಂದು ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಕಾವ್ಯದ ಪಾಠ ಇಷ್ಟು ಸುಲಭವಾಗಿ ಬೇರೆಲ್ಲೂ ಆಗಿಲ್ಲ.

ಮಲ್ಲಿಗೆಯ ಪಾತಿಯನ್ನು ನೋಡಲು ಸಂಜೆ ಹೋಗಬೇಕು. ದುಂಡುಮಲ್ಲಿಗೆ, ಏಳುಸುತ್ತಿನ ಮಲ್ಲಿಗೆ, ಸೂಜಿಮಲ್ಲಿಗೆ, ಜಾಜಿ ಎಂದು ನಾಲ್ಕು ಸಾಲುಗಳಿವೆ. ಮಾಲೆ ಕಟ್ಟುವವರಿಗಾಗಿ ಸೂರ್ಯ ಹುಟ್ಟುವ ಮೊದಲೇ ಮೊಗ್ಗು ಬಿಡಿಸುತ್ತಾರೆ. ಆದರೆ ಒಂದು ಸಾಲನ್ನು ಮಾತ್ರ ಬಿಡಿಸದೆ ಗಿಡದಲ್ಲಿಯೇ ಅರಳಲು ಬಿಟ್ಟಿರುತ್ತಾರೆ. ಬಿಸಿಲು ಇಳಿದು ನೆರಳು ಉದ್ದವಾಗುವಾಗ ಮೊಗ್ಗಿನ ತುದಿ ಸಡಿಲವಾಗುತ್ತದೆ. ಮಬ್ಬುಗತ್ತಲಾಗುವಷ್ಟರಲ್ಲಿ ಹಸಿರೆಲ್ಲ ಕಪ್ಪಾಗಿ, ಬಿಳಿಯೊಂದೇ ಕಣ್ಣಿಗೆ ಉಳಿದು, ಪರಿಮಳ ಕಾಲುದಾರಿಯವರೆಗೆ ಬರುತ್ತದೆ. ರಾತ್ರಿ ಹಾರುವ ಪತಂಗಗಳಿಗೆ ದಾರಿ ತೋರಿಸುವುದಕ್ಕಾಗಿಯೇ ಸಂಜೆ ಅರಳುವ ಹೂವುಗಳು ಹೆಚ್ಚಾಗಿ ಬಿಳಿಯಾಗಿಯೂ ಗಾಢ ಪರಿಮಳದ್ದಾಗಿಯೂ ಇರುತ್ತವೆ. ಈ ಕಾರಣ ತಿಳಿದಿದ್ದರೆ ಸಂತೋಷವೇನೂ ಕಡಿಮೆಯಾಗುವುದಿಲ್ಲ. ಪತಂಗವೊಂದು ಹೂವಿನ ಮುಂದೆ ಕ್ಷಣ ಹೊತ್ತು ನಿಂತು ಹೋಗುವುದನ್ನು ಕಂಡಾಗ ಅದು ಹೆಚ್ಚುತ್ತದೆ. ಬೆಳಗಿನ ಹೊತ್ತಿನಲ್ಲಿ ನೋಡಬೇಕಾದದ್ದು ದಾಸವಾಳದ ಸಾಲನ್ನು. ಅಲ್ಲಿ ಸೂರಕ್ಕಿಗಳು ಹೂವಿನ ಬಾಯಿಗೆ ಹೋಗದೆ, ಬುಡದಲ್ಲಿ ಕೊಕ್ಕಿನಿಂದ ಚುಚ್ಚಿ ಮಕರಂದವನ್ನು ಹೀರುತ್ತವೆ. ಬುಡದಲ್ಲಿ ಸಣ್ಣ ತೂತುಗಳಿರುವ ದಾಸವಾಳ ಕಂಡರೆ ಹುಳದ ಕಾಟವೆಂದು ಔಷಧ ಹೊಡೆಯಬೇಡಿರಿ ಎಂದು ಇಲ್ಲಿ ಗಿರಾಕಿಗಳಿಗೆ ಮೊದಲೇ ಹೇಳಿ ಕಳಿಸುತ್ತಾರೆ.

ಇನ್ನು ಸೇವೆಯ ವಿಷಯ. ಗಿಡ ಕೇಳಿದೊಡನೆ ತೆಗೆದುಕೊಡುವ ಅಭ್ಯಾಸ ಇಲ್ಲಿಲ್ಲ. “ನಿಮ್ಮ ಮನ್ಯಾಗ ಬಿಸಲು ಯಾವ ಕಡಿಂದ ಬರ್ತೈತ್ರಿ? ನೀರು ಎಷ್ಟ ದಿನಕ್ಕೊಮ್ಮಿ ಬರ್ತೈತಿ?” ಎಂಬುದು ಯಜಮಾನರ ಮೊದಲ ಪ್ರಶ್ನೆ. ನಳದ ನೀರಿಗೆ ದಿನಗಟ್ಟಲೆ ಕಾಯುವ ಬಡಾವಣೆಗಳಿರುವ ಅವಳಿ ನಗರದಲ್ಲಿ ಇದು ಬಹಳ ಉಚಿತವಾದ ಪ್ರಶ್ನೆ. ಉತ್ತರ ಕೇಳಿದ ಮೇಲೆ ಕೆಲವು ಗಿಡಗಳನ್ನು ಅವರೇ ಬೇಡವೆನ್ನುತ್ತಾರೆ. ಮಾಳಮಡ್ಡಿಯ ಹಳೆಯ ಮನೆಯ ಹಿತ್ತಲಿಗೂ ಕೇಶ್ವಾಪುರದ ಮೂರನೆಯ ಮಹಡಿಯ ಬಾಲ್ಕನಿಗೂ ಒಂದೇ ಗಿಡ ಒಗ್ಗುವುದಿಲ್ಲವೆಂದು ತಿಳಿಸಿ ಹೇಳುತ್ತಾರೆ. ಅವರ ತಾಯಿ ಮಲ್ಲಿಗೆಯ ಪಾತಿಯನ್ನು ನೋಡಿಕೊಳ್ಳುತ್ತಾರೆ. “ಅಕ್ಕಾರ, ಹೂ ಇದ್ದದ್ದು ನೋಡಿ ತಗೋಬ್ಯಾಡ್ರಿ, ಮೊಗ್ಗು ಇದ್ದದ್ದು ನೋಡಿ ತಗೋರಿ” ಎಂದು ಅವರು ಹೇಳಿದ್ದನ್ನು ನಾನು ಎಲ್ಲ ಗಿಡಗಳಿಗೂ ಅನ್ವಯಿಸುತ್ತ ಬಂದಿದ್ದೇನೆ, ಅದರಿಂದ ಅನುಕೂಲವೇ ಆಗಿದೆ.

ಮಲ್ಲಿಗೆ ಏಕೆ ಹೂ ಬಿಡುವುದಿಲ್ಲ ಎಂಬ ದೂರು ಧಾರವಾಡದ ಪ್ರತಿಯೊಂದು ಓಣಿಯಲ್ಲಿಯೂ ಇದೆ. ಈ ತಾಯಿಯವರು ಅದಕ್ಕೆ ಕೊಡುವ ಉತ್ತರ ಇಷ್ಟು: ದುಂಡುಮಲ್ಲಿಗೆ ಹೊಸ ಚಿಗುರಿನ ತುದಿಯಲ್ಲಿಯೇ ಮೊಗ್ಗು ಬಿಡುವ ಗಿಡ, ಆದ್ದರಿಂದ ಚಿಗುರು ಬರುವಂತೆ ಮಾಡಬೇಕು. ದೀಪಾವಳಿ ಕಳೆದು ನವೆಂಬರ್ ಮುಗಿಯುವ ಹೊತ್ತಿಗೆ ನೀರನ್ನು ಕಡಿಮೆ ಮಾಡಿ ಗಿಡಕ್ಕೆ ವಿಶ್ರಾಂತಿ ಕೊಡಬೇಕು. ಆಮೇಲೆ ಮೊಣಕಾಲೆತ್ತರಕ್ಕೆ ಕತ್ತರಿಸಿ, ಒಣಗಿದ ಮತ್ತು ಒಳಮುಖವಾಗಿ ಬೆಳೆದ ಟೊಂಗೆಗಳನ್ನು ತೆಗೆದು, ಉಳಿದ ಎಲೆಗಳನ್ನೂ ಉದುರಿಸಬೇಕು. ಬುಡದ ಮಣ್ಣನ್ನು ಸಡಿಲಿಸಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೂ ಬೇವಿನ ಹಿಂಡಿಯನ್ನೂ ಕೊಟ್ಟು ಮತ್ತೆ ನೀರು ಹಾಯಿಸಬೇಕು. ಶಿವರಾತ್ರಿಯ ಸುಮಾರಿಗೆ ಹೊಸ ಟೊಂಗೆಗಳ ತುದಿಯಲ್ಲಿ ಮೂರು ಮೂರು ಮೊಗ್ಗುಗಳು ಕಾಣತೊಡಗುತ್ತವೆ. ಕತ್ತರಿ ಹಾಕಲು ಮನಸ್ಸು ಬಾರದವರ ಮನೆಯ ಮಲ್ಲಿಗೆ ಬಳ್ಳಿಯಾಗಿ ಹಬ್ಬುತ್ತದೆಯೇ ಹೊರತು ಹೂವು ಕೊಡುವುದಿಲ್ಲ. ಇದನ್ನು ಹೇಳುವುದಷ್ಟೇ ಅಲ್ಲ, ತೋಟದಲ್ಲಿ ಒಂದು ಗಿಡವನ್ನು ಕತ್ತರಿಸದೆ ಹಾಗೆಯೇ ಬಿಟ್ಟು, ಪಕ್ಕದ ಗಿಡದೊಂದಿಗೆ ಹೋಲಿಸಿ ನೋಡುವಂತೆ ಇಟ್ಟಿದ್ದಾರೆ. ಎರಡರ ನಡುವಿನ ವ್ಯತ್ಯಾಸ ಮಾರ್ಚ್ ತಿಂಗಳಲ್ಲಿ ಎದ್ದು ಕಾಣುತ್ತದೆ.

ಹಡಗಲಿ ಮಲ್ಲಿಗೆಯ ಸಸಿಗಳೂ ಇಲ್ಲಿ ಸಿಗುತ್ತವೆ. ಮೈಸೂರು ಮತ್ತು ಉಡುಪಿಯ ಮಲ್ಲಿಗೆಗಳಂತೆ ಹಡಗಲಿಯದಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಇರುವುದರಿಂದ ಕೇಳುವವರು ಬಹಳ. ಆದರೆ ಆ ಪರಿಮಳಕ್ಕೆ ಅಲ್ಲಿನ ಮಣ್ಣು, ಬಿಸಿಲು, ನೀರು ಕಾರಣವೆಂದೂ, ಧಾರವಾಡದಲ್ಲಿ ಅದೇ ಪ್ರಮಾಣದ ಕಂಪನ್ನು ನಿರೀಕ್ಷಿಸಬಾರದೆಂದೂ ಮಾರುವ ಮೊದಲೇ ಹೇಳುತ್ತಾರೆ. ವ್ಯಾಪಾರದಲ್ಲಿ ಇಷ್ಟು ನೇರವಾದ ಮಾತು ನನಗೆ ಬಹಳ ಹಿಡಿಸಿತು.

ಬೆಲೆಗಳು ನ್ಯಾಯವಾಗಿವೆ. ದುಂಡುಮಲ್ಲಿಗೆಯ ಸಸಿಗೆ 70 ರೂಪಾಯಿ, ದಾಸವಾಳಕ್ಕೆ ಬಣ್ಣಕ್ಕೆ ತಕ್ಕಂತೆ 80ರಿಂದ 120 ರೂಪಾಯಿ, ಕಸಿ ಗುಲಾಬಿಗೆ 150 ರೂಪಾಯಿ, ಸೀತಾ ಅಶೋಕದ ಎರಡು ಅಡಿ ಎತ್ತರದ ಸಸಿಗೆ 250 ರೂಪಾಯಿ ಇತ್ತು. ಇದಕ್ಕಿಂತ ಕಡಿಮೆ ಬೆಲೆಗೆ ಊರೊಳಗೆ ಸಿಗಬಹುದು. ಆದರೆ ದೂರದ ಊರುಗಳಿಂದ ಲಾರಿಯಲ್ಲಿ ಬರುವ, ಬರಿಯ ತೆಂಗಿನ ನಾರಿನ ಪುಡಿಯಲ್ಲಿ ಬೆಳೆಸಿದ ಸಸಿಗಳು ನಮ್ಮ ಮಣ್ಣಿಗೆ ಹೊಂದಿಕೊಳ್ಳಲು ಕಷ್ಟಪಡುತ್ತವೆ. ಇಲ್ಲಿ ಸಸಿಗಳನ್ನು ಕೆಂಪು ಮಣ್ಣು, ಮರಳು, ಗೊಬ್ಬರದ ಮಿಶ್ರಣದಲ್ಲಿ ಈ ಊರಿನ ಬಿಸಿಲಿಗೆ ಒಡ್ಡಿ ಬೆಳೆಸಿರುತ್ತಾರೆ. ನಾನು ಕೊಂಡ ಗಿಡಗಳಲ್ಲಿ ಬಹುತೇಕ ಎಲ್ಲವೂ ಬೇರೂರಿ ಚಿಗುರಿವೆ. ಕಸಿ ಗುಲಾಬಿಯ ಕಸಿ ಕಟ್ಟಿದ ಜಾಗಕ್ಕಿಂತ ಕೆಳಗೆ ಹೊರಡುವ ಚಿಗುರು ಕಾಡುಗುಲಾಬಿಯದಾದ್ದರಿಂದ ಅದನ್ನು ಕಂಡ ಕೂಡಲೇ ಚಿವುಟಿ ಹಾಕಬೇಕೆಂದು ಚೀಲದ ಮೇಲೆ ಸುಣ್ಣದಿಂದ ಗುರುತು ಹಾಕಿ ಕೊಟ್ಟದ್ದು ಒಂದು ಒಳ್ಳೆಯ ಪದ್ಧತಿ.

ಕೊರತೆಗಳೂ ಇವೆ. ಮುಂಭಾಗದ ಸಸಿಗಳ ಹೆಸರಿನ ಚೀಟಿಗಳು ಕಾಗದದವಾಗಿದ್ದು, ನೀರು ಸಿಂಪಡಿಸಿದಾಗ ಅಕ್ಷರ ಅಳಿಸಿಹೋಗುತ್ತವೆ. ಏಳುಸುತ್ತಿನ ಮಲ್ಲಿಗೆಯೆಂದು ನನಗೆ ಕೊಟ್ಟ ಸಸಿ ಹೂ ಬಿಟ್ಟಾಗ ಸಾದಾ ದುಂಡುಮಲ್ಲಿಗೆಯಾಗಿತ್ತು. ತೋರಿಸಿದಾಗ ತಕರಾರಿಲ್ಲದೆ ಬದಲಿಸಿ ಕೊಟ್ಟರು, ಹಳೆಯದನ್ನು ಹಿಂದಕ್ಕೆ ಕೇಳಲಿಲ್ಲ. ಆದರೂ ಒಂದು ಹೂವಿನ ಹಂಗಾಮು ಕೈತಪ್ಪಿ ಹೋಯಿತು, ಅದನ್ನು ಯಾರೂ ಬದಲಿಸಿ ಕೊಡಲಾರರು. ತಗಡಿನ ಚೀಟಿಗೆ ಬಣ್ಣದಲ್ಲಿ ಬರೆದು ತೂಗುಹಾಕಿದರೆ ಈ ತೊಂದರೆ ತಪ್ಪುತ್ತದೆ. ಕುಂಡಗಳ ಆಯ್ಕೆ ಸಾಲದು. ಬಣ್ಣದ ಪ್ಲಾಸ್ಟಿಕ್ ಕುಂಡಗಳೇ ಹೆಚ್ಚು, ಮಣ್ಣಿನವು ಕಡಿಮೆ. ಮನೆಗೆ ತಲುಪಿಸುವ ವ್ಯವಸ್ಥೆ ಹೆಸರಿಗೆ ಮಾತ್ರ ಇದೆ, ಟಂಟಂ ಸಿಕ್ಕ ದಿನ ಗಿಡ ಬರುತ್ತದೆ. ತೋಟದೊಳಗೆ ಕುಳಿತುಕೊಳ್ಳಲು ಒಂದೇ ಒಂದು ಕಲ್ಲಿನ ಕಟ್ಟೆಯಿದೆ, ಅದೂ ಮಧ್ಯಾಹ್ನ ಬಿಸಿಲಿಗೆ ಕಾದಿರುತ್ತದೆ. ವಯಸ್ಸಾದವರನ್ನು ಕರೆದೊಯ್ಯುವವರು ಇದನ್ನು ಗಮನದಲ್ಲಿಡಬೇಕು.

ನನಗೆ ನಿಜವಾಗಿ ಬೇಸರ ತಂದದ್ದು ಮುಂಭಾಗದ ಹಂಗಾಮಿ ಹೂವುಗಳ ಮಾರಾಟ. ಪೆಟೂನಿಯಾ, ಡಯಾಂಥಸ್, ಸೇವಂತಿಗೆ ಮುಂತಾದವನ್ನು ಫೆಬ್ರವರಿ ಕೊನೆಯವರೆಗೂ ಮುಂದೆಯೇ ಇಟ್ಟು ಮಾರುತ್ತಾರೆ. ಪೆಟೂನಿಯಾ ನಮ್ಮಲ್ಲಿ ಚಳಿಗಾಲದ ಹೂವು, ಏಪ್ರಿಲ್‌ನ ಬಿಸಿಲಿಗೆ ಬಾಡುತ್ತದೆ. ಸೇವಂತಿಗೆ ಹಗಲು ಚಿಕ್ಕದಾಗಿ ರಾತ್ರಿ ದೀರ್ಘವಾದಾಗ ಮೊಗ್ಗು ಕಟ್ಟುವ ಗಿಡವಾದ್ದರಿಂದ, ಮಾಘದಲ್ಲಿ ತುಂಬು ಹೂವಿನೊಂದಿಗೆ ಕೊಂಡವರು ಮತ್ತೆ ಹೂ ನೋಡಲು ಮುಂದಿನ ಚಳಿಗಾಲದವರೆಗೆ ಕಾಯಬೇಕಾಗುತ್ತದೆ. ಕೇಳಿದವರಿಗೆ ಯಜಮಾನರು ಇದನ್ನೆಲ್ಲ ಹೇಳುತ್ತಾರೆ. ಕೇಳದೆ ಕೊಳ್ಳುವವರೇ ಹೆಚ್ಚೆಂಬುದೂ ಅವರಿಗೆ ಗೊತ್ತಿದೆ. ಹಿಂದಿನ ತೋಟದಲ್ಲಿ ಇಷ್ಟು ಚೆನ್ನಾಗಿ ಋತುವಿನ ಪರಿಚಯ ಮಾಡಿಕೊಡುವವರು ಮುಂದಿನ ಮಾರಾಟದಲ್ಲಿಯೂ ಅದೇ ನಿಷ್ಠೆಯನ್ನು ಇಟ್ಟುಕೊಳ್ಳಬೇಕು. ಬೇಸಿಗೆಗೆ ಬಣ್ಣ ಬೇಕೆನ್ನುವವರು ಕಾಗದದ ಹೂವನ್ನು, ಕನಕಾಂಬರವನ್ನು ಆರಿಸಿಕೊಳ್ಳುವುದು ಲೇಸು. ಕಾಗದದ ಹೂವಿನಲ್ಲಿ ನಾವು ಹೂವೆನ್ನುವ ಬಣ್ಣದ ಭಾಗ ಎಲೆಯೇ. ನಡುವಿನ ಸಣ್ಣ ಬಿಳಿ ನಳಿಗೆ ಮಾತ್ರ ಅದರ ಹೂವು. ನೀರು ಕಡಿಮೆಯಾದಷ್ಟೂ ಅದು ಹೆಚ್ಚು ಬಣ್ಣ ತೋರುತ್ತದೆಯಾದ್ದರಿಂದ ನಮ್ಮ ಊರಿನ ನಳದ ನೀರಿಗೆ ಸರಿಯಾದ ಗಿಡ.

ಹೋಗುವವರು ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ನಂತರ ಹೋಗುವುದು ಒಳ್ಳೆಯದು. ಹೋಳಿಯ ಆಚೀಚೆ ಹೋದರೆ ಹಳಿಯಾಳ ರಸ್ತೆಯಲ್ಲಿಯೇ ಇನ್ನೂ ಸ್ವಲ್ಪ ಮುಂದೆ ಸಾಗಿ, ಎಲೆಯಿಲ್ಲದ ಮುತ್ತಲ ಮರಗಳು ಕೆಂಡದ ಬಣ್ಣದ ಹೂವು ಹೊತ್ತು ನಿಂತದ್ದನ್ನೂ ನೋಡಿಕೊಂಡು ಬರಬಹುದು. ಮಕ್ಕಳನ್ನು ಕರೆದೊಯ್ಯಿರಿ, ಅಶೋಕದ ಗೊಂಚಲಿನಲ್ಲಿ ಹೊಸ ಹೂವು, ಹಳೆಯ ಹೂವನ್ನು ಗುರುತಿಸುವ ಆಟವನ್ನು ಅವರು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ. ಕುಂಡದ ಗಿಡಗಳನ್ನು ಯಾವಾಗ ಬೇಕಾದರೂ ತರಬಹುದು. ನೆಲಕ್ಕೆ ಹಚ್ಚುವ ಅಶೋಕ, ಬಕುಳ, ಸಂಪಿಗೆಗಳನ್ನು ಮಾತ್ರ ಬೇಸಿಗೆಯಲ್ಲಿ ಒಯ್ಯಲು ಇವರು ಒಪ್ಪುವುದಿಲ್ಲ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯಿದ್ದರೂ, ಮರದ ಸಸಿಗೆ ಒಂದೆರಡು ಅಡ್ಡಮಳೆಗಳ ಭರವಸೆ ಸಾಲದೆಂಬುದು ಯಜಮಾನರ ಅಭಿಪ್ರಾಯ. ಮುಂಗಾರು ಹಿಡಿದ ಮೇಲೆ ಬನ್ನಿರೆಂದು ಹೇಳಿ, ಮುಂಗಡ ತೆಗೆದುಕೊಳ್ಳದೆ ಹೆಸರು ಬರೆದುಕೊಳ್ಳುತ್ತಾರೆ. ಸೀತಾ ಅಶೋಕದ ಸಸಿಗಳು ಪ್ರತಿ ವರ್ಷ ಕೆಲವೇ ಆಗುವುದರಿಂದ, ಬೇಕಾದವರು ಈ ಚೈತ್ರದಲ್ಲಿಯೇ ಹೋಗಿ ಮರವನ್ನು ನೋಡಿ ಹೆಸರು ಬರೆಸಿ ಬರುವುದು ಮೇಲು.